ಹೊಗೆಕಿಂಡಿ ಹುಡುಕಿದ ಬೇಸಿಗೆ

ತಂಗಿಯ ಕುಬಸದ ದಿನ ನಮ್ಮ ಬೀಗತಿ, ಅಂದರೆ ತಂಗಿಯ ಅತ್ತೆ, ಎರಡೂ ಕಣ್ಣುಗಳಿಂದ ಧಾರಾಳವಾಗಿ ನೀರು ಸುರಿಸಿದರು. ನೆರೆದ ಹೆಣ್ಣುಮಕ್ಕಳು ಅದನ್ನು ನೋಡಿ, “ಎಂಥಾ ಅಂತಃಕರಣ ನೋಡ್ರವಾ, ಸೊಸಿ ಬಸರಿ ಅಂತ ಎಷ್ಟು ಹಿಗ್ಗು ಐತಿ ಅವರಿಗೆ!” ಎಂದು ಮಾತಾಡಿಕೊಂಡರು. ಒಂದಿಬ್ಬರು ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಅವರೂ ಬಚ್ಚಲದ ಬಾಗಿಲ ಹತ್ತಿರವೇ ಕೂತವರು.

ಆರತಿ ಮುಗಿದ ಮೇಲೆ ಬೀಗತಿ ಎದ್ದು ನಿಂತು, ಮೂಗು ಒರೆಸಿಕೊಂಡು, ನಮ್ಮ ಅಪ್ಪನಿಗೆ ಎಲ್ಲರೆದುರಿಗೆ ಹೇಳಿದರು.

“ಬೀಗರ, ನಿಮ್ಮ ಮನಿ ಊಟ ಚೊಲೋ ಐತಿ, ಮಂದಿ ಚೊಲೋ ಅದಾರ. ಆದ್ರ ಈ ಹೊಗ್ಯಾಗ ನನ್ನ ಸೊಸೀನ ಬಾಣಂತನಕ್ಕ ಬಿಡಾಕ ನನಗ ಧೈರ್ಯ ಇಲ್ಲ. ಎಳೀ ಕೂಸಿನ ಕಣ್ಣು, ಹಸೀ ಬಾಣಂತಿ ಮೈ. ಯುಗಾದಿ ಆಗಿ ಎಂಟ ದಿನಕ್ಕ ಮತ್ತ ಬರ್ತೇನಿ. ಅವತ್ತೂ ಹಿಂಗ ಇದ್ರ ಸೊಸೀನ ಗಾಡ್ಯಾಗ ಕುಂದರಿಸಿಕೊಂಡು ಹೋಗ್ತೇನಿ. ಸಿಟ್ಟಾಗಬ್ಯಾಡ್ರಿ.”

ಅಪ್ಪ ಸಿಟ್ಟಾದ. ಆದರೆ ಅವರ ಗಾಡಿ ಬಂಕಾಪುರದ ದಾರಿ ಹಿಡಿದು ಕಣ್ಣಿಗೆ ಮರೆಯಾದ ಮೇಲೆ.

“ಹಾನಗಲ್ಲ ಕಡೆ ಹಂಚಿನ ಮನ್ಯಾಗ ಇರೋರಿಗೆ ಏನ ಗೊತ್ತು? ಅವರ ಮನ್ಯಾಗ ಹೊಗಿ ಹಂಚಿನ ಸಂದ್ಯಾಗ ಹೋಗ್ತೈತಿ, ಮಳಿ ಅದ ಸಂದ್ಯಾಗ ಬರ್ತೈತಿ. ನಮ್ಮದು ಮಾಳಗಿ ಮನಿ. ಬ್ಯಾಸಿಗ್ಯಾಗ ಇಡೀ ಶಿಗ್ಗಾಂವಿಗೆ ತಂಪು ಮನಿ ಯಾವ್ದು ಅಂತ ಯಾರನ್ನರ ಕೇಳ್ಲಿ.”

ಅದು ಸುಳ್ಳಲ್ಲ. ಮೂವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಎಲ್ಲವೂ ಮಣ್ಣಿನ ಮಾಳಿಗೆಯ ಮನೆಗಳೇ. ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಆದರೆ ನಮ್ಮ ಮಾಳಿಗೆಯ ಮೇಲಿದ್ದಷ್ಟು ಮಣ್ಣು ಬೇರೆ ಯಾರ ಮನೆಯ ಮೇಲೂ ಇರಲಿಲ್ಲ. ಪ್ರತಿ ವರ್ಷ ಮಳೆಗಾಲದ ಮುಂಚೆ ಕೆರೆಯ ದಂಡೆಯ ಬಿಳಿಮಣ್ಣು ತಂದು, ಹೊಟ್ಟು ಕಲಸಿ, ತುಳಿದು ಮೇಲೆ ಹರಡುವುದು ನಮ್ಮ ಮನೆಯ ವ್ರತ. ಹಳೆಯದನ್ನು ಕೆರೆದು ತೆಗೆಯುವುದು ಮಾತ್ರ ಇಲ್ಲ. ಮಾಳಿಗೆಯಿಂದ ಮಣ್ಣು ಕೆಳಗಿಳಿಯುವುದು ಮನೆ ಭಾಗವಾದಾಗ ಮಾತ್ರ ಎಂದು ನಮ್ಮಜ್ಜ ಹೇಳಿಹೋಗಿದ್ದ. ಹೀಗಾಗಿ ಮಣ್ಣು ಏರುತ್ತಲೇ ಇತ್ತು. ನಡುಮನೆಯಲ್ಲಿ ಮೇ ತಿಂಗಳಲ್ಲೂ ಮಧ್ಯಾಹ್ನ ಹೊದಿಕೆ ಬೇಕೆನ್ನಿಸುತ್ತಿತ್ತು.

ಹೊಗೆ ಮಾತ್ರ ಬೀಗತಿ ಹೇಳಿದ ಹಾಗೆಯೇ ಇತ್ತು. ಅಡುಗೆಮನೆಗೆ ಒಂದು ಬೆಳಕಿಂಡಿ ಇತ್ತು, ಅಡುಗೆಯ ಹೊಗೆಗೆ ಅದು ತಕ್ಕಮಟ್ಟಿಗೆ ಸಾಕಾಗುತ್ತಿತ್ತು. ಅದರ ಆಚೆಗಿನ ಬಚ್ಚಲದಲ್ಲಿ ದೊಡ್ಡ ತಾಮ್ರದ ಹಂಡೆ ಕೂಡಿಸಿದ ಒಲೆ. ಅದನ್ನು ಹೊತ್ತಿಸಿದರೆ ಮೊದಲು ಬಚ್ಚಲ ಕಾಣದಂತಾಗುತ್ತಿತ್ತು, ಆಮೇಲೆ ಅಡುಗೆಮನೆ, ಆಮೇಲೆ ನಡುಮನೆ. ನಾವು ಹುಟ್ಟಿದಾಗಿನಿಂದ ಅದನ್ನೇ ನೋಡಿದವರು. ಸ್ನಾನ ಅಂದರೆ ಕಣ್ಣು ಮುಚ್ಚಿಕೊಂಡು ಮಾಡುವುದು ಎಂದೇ ತಿಳಿದಿದ್ದೆವು.

ಮನೆಯಲ್ಲಿ ಆಗ ನಾವು ನಾಲ್ವರು. ಅಪ್ಪ, ನಾನು, ತಂಗಿ, ಮತ್ತು ದೊಡ್ಡವ್ವ, ಅಂದರೆ ತೀರಿಹೋದ ದೊಡ್ಡಪ್ಪನ ಹೆಂಡತಿ. ಅವ್ವ ತೀರಿ ಹೋಗಿ ಬಹಳ ವರ್ಷವಾಗಿತ್ತು. ನಮ್ಮಿಬ್ಬರನ್ನೂ ಬೆಳೆಸಿದ್ದು ದೊಡ್ಡವ್ವನೇ. ಕುಬಸದ ಬಳೆಗಳನ್ನು ಗಲಗಲಿಸುತ್ತ ತಂಗಿ ಮರುದಿನ ನನ್ನ ಹತ್ತಿರ ಬಂದು ಕೂತಳು.

“ಅಣ್ಣಾ, ಏನರ ಮಾಡು. ನನ್ನ ಬಾಣಂತನ ಇಲ್ಲೇ ಆಗ್ಬೇಕು.”

“ಯಾಕ, ನಿಮ್ಮತ್ತಿ ಚೊಲೋತಂಗ ನೋಡ್ಕೊಳ್ಳಂಗಿಲ್ಲೇನು?”

“ನೋಡ್ಕೋತಾರ. ಕೆಟ್ಟವರಲ್ಲ. ಆದ್ರ ಆ ಮನ್ಯಾಗ ಹದಿನಾಲ್ಕು ಮಂದಿ, ಏಳು ಎಮ್ಮಿ. ಹನ್ನೆರಡನೇ ದಿನಕ್ಕ ತೊಟ್ಟಲಾ ಹಾಕ್ತಾರ, ಹದಿಮೂರನೇ ದಿನಕ್ಕ ನನ್ನ ಕೈಯಾಗ ಕಡಗೋಲು ಕೊಡ್ತಾರ. ಇಲ್ಲಾದ್ರ ಮೂರು ತಿಂಗ್ಳ ಮಲಗ್ತೇನಿ. ನನ್ನ ಜಲ್ಮದಾಗ ಮೂರು ತಿಂಗ್ಳ ಸುಮ್ನ ಮಲಗೂದು ಇದೊಂದ ಸಲ ಸಿಗೂದು, ಅಣ್ಣಾ.”

ಅವಳಿಗೆ ಆಗ ಹದಿನೆಂಟು ವರ್ಷ. ಮದುವೆಯಾಗಿ ಹೋಗಿ ಎರಡು ವರ್ಷದಲ್ಲಿ ಅಂಗೈ ಕಾಯಿಗಟ್ಟಿತ್ತು. ನಾನು ಅದನ್ನು ನೋಡಿ, “ಹೊಗಿ ಬಿಡಿಸೂದು ನನ್ನ ಜವಾಬ್ದಾರಿ” ಎಂದುಬಿಟ್ಟೆ.

ಹಾಗೆ ಹೇಳಲು ನನಗೆ ಒಂದು ಆಧಾರವೂ ಇತ್ತು. ನಾನು ಸಾಲಿಗೆ ಹೋಗಲು ಶುರು ಮಾಡಿದ್ದು ಹದಿಮೂರನೇ ವಯಸ್ಸಿಗೆ. ಅಲ್ಲಿಯತನಕ ದನ ಕಾದವನು. ಮೀಸೆ ಬಂದ ಮೇಲೂ ಬೆಂಚಿನ ಮೇಲೆ ಕೂತು, ಇಪ್ಪತ್ತೆರಡಕ್ಕೆ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರಿಕೆಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ತಡವಾಗಿ ಕಲಿತವನಿಗೆ ಕಲಿತದ್ದರ ಮೇಲೆ ಭಕ್ತಿ ಜಾಸ್ತಿ. ನಮ್ಮ ಸೃಷ್ಟಿವಿಜ್ಞಾನದ ಪುಸ್ತಕದಲ್ಲಿ ‘ಕಾದ ಗಾಳಿಯು ಹಗುರಾಗಿ ಮೇಲಕ್ಕೆ ಏರುವುದು’ ಎಂಬ ವಾಕ್ಯ ಇತ್ತು. ಅದನ್ನು ನಾನು ದೇವರ ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದ್ದೆ.

“ಹೊಗಿ ಅಂದ್ರ ಕಾದ ಗಾಳಿ. ಕಾದ ಗಾಳಿ ಮ್ಯಾಲ ಹೋಗಬೇಕು. ಹೋಗವಲ್ದು ಅಂದ್ರ ಎಲ್ಲೋ ದೋಷ ಐತಿ” ಎಂದೆ ಅಪ್ಪನಿಗೆ.

“ಹೌದೇನ್ರಿ, ಮಾಸ್ತರ?” ಎಂದ ಅಪ್ಪ. ಪರೀಕ್ಷೆ ಪಾಸಾದಾಗಿನಿಂದ ಅವನು ನನ್ನನ್ನು ಬೈಯುವಾಗೆಲ್ಲ ಬಹುವಚನದಲ್ಲಿ ಬೈಯುತ್ತಿದ್ದ. “ದೋಷ ಏನಿಲ್ರಿ. ನಮ್ಮ ಹೊಗಿ ಸಾಲಿಗೆ ಹೋಗಿಲ್ಲ.”

ಮೊದಲು ಒಲೆ ನೋಡಿದೆ. ಒಳಗೆ ಕೈ ಹಾಕಿದರೆ ಬೂದಿ ಎಷ್ಟಿತ್ತೆಂದರೆ ಕಟ್ಟಿಗೆಗೆ ಜಾಗವೇ ಇರಲಿಲ್ಲ. ಒಲೆಯ ಬೂದಿಯನ್ನು ದೊಡ್ಡವ್ವ ಪಾತ್ರೆ ತಿಕ್ಕಲು ಬೇಕಾದಷ್ಟೇ ತೆಗೆಯುತ್ತಿದ್ದಳು, ಉಳಿದದ್ದು ನಾಳೆಗೆ ಇರಲಿ ಎಂದು ಬಿಡುತ್ತಿದ್ದಳು. ಹೀಗೆ ಬಹಳ ನಾಳೆಗಳು ಅಲ್ಲಿ ಕೂಡಿಬಿದ್ದಿದ್ದವು. ನಾಲ್ಕು ಬುಟ್ಟಿ ತೆಗೆದು ತಿಪ್ಪೆಗೆ ಹಾಕಿದೆ. ಹಸಿ ಜಾಲಿಕಟ್ಟಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿದ ಹತ್ತಿಕಟ್ಟಿಗೆ ತಂದು ಹಚ್ಚಿದೆ. ಉರಿ ಚೆನ್ನಾಗಿ ಬಂತು. ಹೊಗೆಯ ಬಣ್ಣ ಸ್ವಲ್ಪ ತಿಳಿಯಾಯಿತು, ಅಷ್ಟೇ. ಮೊದಲು ಕಾಣದಿದ್ದ ದೊಡ್ಡವ್ವ ಈಗ ಮಸುಕಾಗಿ ಕಾಣತೊಡಗಿದಳು.

ಆಮೇಲೆ ಹಂಡೆಯ ತಳ. ಅದಕ್ಕೆ ಹೆಬ್ಬೆರಳಿನ ದಪ್ಪ ಮಸಿ ಅಂಟಿತ್ತು. ಇಷ್ಟು ಮಸಿ ಇದ್ದರೆ ನೀರು ಬೇಗ ಕಾಯುವುದಿಲ್ಲ, ಒಲೆ ಹೊತ್ತುಗಟ್ಟಲೆ ಉರಿಸಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಹಂಡೆ ಕಿತ್ತು ಹಿತ್ತಲಿಗೆ ಉರುಳಿಸಿ, ಕುರ್ಪಿಯಿಂದ ಒಂದು ಇಡೀ ದಿನ ಕೆರೆದೆ. ಕೆಂಪಗೆ ಹೊಳೆಯುವ ತಾಮ್ರ ಕಂಡಿತು. ಅಪ್ಪ ಕೂಡ ಬಂದು ನೋಡಿ ಹುಬ್ಬು ಏರಿಸಿದ. ಮತ್ತೆ ಕೂಡಿಸಿ, ನೀರು ತುಂಬಿ, ಒಲೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ‘ಚುಂಯ್’ ಎಂದು ಸಪ್ಪಳ. ಹಂಡೆಯ ತಳದಿಂದ ನೀರು ಸೋರಿ ಒಲೆಯೇ ಆರಿಹೋಯಿತು. ಆ ದಿನ ಬಂದ ಹೊಗೆ ನಮ್ಮ ಮನೆಯ ಇತಿಹಾಸದಲ್ಲೇ ದೊಡ್ಡದು. ಓಣಿಯವರು ಕೊಡ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತರು.

ಹಂಡೆಯನ್ನು ಹೊತ್ತು ಕಂಚಗಾರನ ಹತ್ತಿರ ಹೋದೆ. ಅವನು ತಳಕ್ಕೆ ಬೆರಳಿಂದ ಬಡಿದು ನೋಡಿ ಕೇಳಿದ.

“ಮಸಿ ಯಾರು ತಗದ್ರು?”

“ನಾನs.”

“ಯಾಕ ತಗದ್ರೀಪಾ? ಹತ್ತು ವರ್ಷ ಆತು ಈ ಹಂಡೇಕ ತೂತು ಬಿದ್ದು. ಮಸೀನ ಅದಕ್ಕ ಬೆಸಿಗಿ ಆಗಿತ್ತು.”

ಅವನು ನಗುತ್ತ ತಾಮ್ರದ ತೇಪೆ ಹಾಕಿ ಕೊಟ್ಟ. ಅಪ್ಪ ನಗಲಿಲ್ಲ. “ಮಾಸ್ತರು ಇನ್ನ ಏನೇನು ಸ್ವಚ್ಛ ಮಾಡೂದು ಐತ್ರಿ? ಮೊದಲ ಹೇಳ್ರಿ, ನಾ ಗುಡಿಗೆ ಹೋಗಿ ಕುಂದರ್ತೇನಿ” ಎಂದ.

ಇಷ್ಟಾಗುವಾಗ ಯುಗಾದಿಗೆ ಐದೇ ದಿನ ಉಳಿದಿತ್ತು. ನಾನು ಒಲೆಯ ಮುಂದೆ ಕೂತು ಪುಸ್ತಕದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡೆ. ಮೇಲಕ್ಕೆ ಏರುವುದು. ಸರಿ, ಮೇಲೆ ಏನಿದೆ? ತಲೆಯೆತ್ತಿ ನೋಡಿದೆ. ಒಲೆಯ ನೇರಕ್ಕೆ ಜಂತಿಗಳ ನಡುವೆ ಒಂದು ಚೌಕನೆಯ ಕಪ್ಪು ಜಾಗ ಇತ್ತು. ಇಷ್ಟು ವರ್ಷ ಅದನ್ನು ಮಸಿ ಹಿಡಿದ ಹಲಗೆ ಎಂದುಕೊಂಡಿದ್ದೆ.

“ದೊಡ್ಡವ್ವಾ, ಅದೇನದು?”

“ಅದಾ? ಹೊಗಿಕಿಂಡಿ.”

“ಕಿಂಡಿ ಇದ್ರ ಆಕಾಶ ಕಾಣಬೇಕಲ್ಲ?”

ದೊಡ್ಡವ್ವ ಕತ್ತೆತ್ತಿ ಬಹಳ ಹೊತ್ತು ನೋಡಿದಳು. “ನಾ ಲಗ್ನ ಆಗಿ ಬಂದಾಗ ಕಾಣ್ತಿತ್ತಪಾ” ಎಂದಳು.

ಏಣಿ ಹಾಕಿ ಮಾಳಿಗೆ ಹತ್ತಿದೆ. ಮೇಲೆ ಅಡುಗೆಮನೆಯ ಬೆಳಕಿಂಡಿ ಬಿಟ್ಟರೆ ಬೇರೆ ಯಾವ ತೂತೂ ಇಲ್ಲ. ಸಪಾಟಾದ ಬಿಳಿಮಣ್ಣು, ಅದರ ಮೇಲೆ ದೊಡ್ಡವ್ವನ ಸಂಡಿಗೆ. ಅಪ್ಪನನ್ನು ಕರೆದೆ. ಅವನು ಬಂದು, ಕಿಂಡಿ ಎಲ್ಲಿದೆ ಎಂದು ಕೇಳಿದ್ದಕ್ಕೇ ಅವಮಾನವಾದವನಂತೆ, ತೆಂಕಣ ಮೂಲೆಗೆ ಹೋಗಿ ನಿಂತ.

“ನಮ್ಮಪ್ಪ ಹೇಳಿದ್ದು, ತೆಂಕಣ ಮೂಲಿಯಿಂದ ನಾಕು ಹೆಜ್ಜಿ. ಪ್ರತಿ ಮಳಿಗಾಲಕ್ಕ ನಾಕು ಹೆಜ್ಜಿ ಹಾಕಿ, ನೀರು ಒಳಗ ಬರಬಾರ್ದಂತ ಒಂದು ಗಡಿಗಿ ಡಬ್ಬ ಹಾಕೂದು. ನಾನೂ ಹುಡುಗ ಇದ್ದಾಗ ಹಾಕೇನಿ.”

“ಮಳಿಗಾಲ ಮುಗದ ಮ್ಯಾಲ ತಗೀತಿದ್ದಿ ಏನಪಾ?”

ಅಪ್ಪ ಸ್ವಲ್ಪ ಯೋಚನೆ ಮಾಡಿದ. “ಹಾಕೂದು ಗಂಡಸರ ಕೆಲಸ. ತಗಿಯೂದು ಒಳಗಿನವರದು.”

ಕೆಳಗಿನಿಂದ ದೊಡ್ಡವ್ವನ ದನಿ ಬಂತು. “ಏಣಿ ಹತ್ತೂದು ಹೆಂಗಸರ ಕೆಲಸ ಯಾವಾಗ ಆತೋ, ಮೈದುನಾ?”

ಅಲ್ಲಿಗೆ ವಿಷಯ ತಿಳಿಯಿತು. ಮಳೆಗಾಲದ ಮುಂಚೆ ಗಂಡಸರು ಗಡಿಗೆ ಮುಚ್ಚುತ್ತಿದ್ದರು. ತೆಗೆಯುವವರು ಯಾರೆಂದು ಯಾರೂ ಕೇಳಲಿಲ್ಲ. ಮುಂದಿನ ವರ್ಷ ಹೊಸ ಮಣ್ಣು ಬಿದ್ದಾಗ ಗಡಿಗೆ ಅದರಡಿ ಮುಳುಗುತ್ತಿತ್ತು. ಆಮೇಲೆ ಬಂದವರು ಕಿಂಡಿ ಹುಡುಕುತ್ತಿರಲಿಲ್ಲ, ನಾಲ್ಕು ಹೆಜ್ಜೆ ಎಣಿಸಿ ಹೊಸ ಗಡಿಗೆ ಡಬ್ಬ ಹಾಕಿ ಇಳಿಯುತ್ತಿದ್ದರು. ಕೆಲವು ವರ್ಷಕ್ಕೆ ಅದೂ ನಿಂತು, ಮಣ್ಣೊಂದೇ ಏರುತ್ತ ಹೋಗಿತ್ತು. ಅಜ್ಜನ ಮಾತನ್ನು ಒಂದು ಹೆಜ್ಜೆಯೂ ತಪ್ಪದೆ ಪಾಲಿಸಿ ನಮ್ಮ ಮನೆಯವರು ತಮ್ಮ ಹೊಗೆಯನ್ನು ತಾವೇ ಹೂತಿದ್ದರು.

ಆದರೆ ಅಪ್ಪ ನಾಲ್ಕು ಹೆಜ್ಜೆ ಹಾಕಿ ತೋರಿಸಿದ ಕಡೆ ಅಗೆದರೆ ಬರೀ ಮಣ್ಣು. ಅಜ್ಜ ಎತ್ತರದ ಆಳಂತೆ, ಅವನ ಹೆಜ್ಜೆ ದೊಡ್ಡದು ಎಂದು ಅಪ್ಪ ಎರಡನೇ ಸಲ ಜಿಗಿಜಿಗಿದು ನಾಲ್ಕು ಹೆಜ್ಜೆ ಹಾಕಿದ. ಅಲ್ಲಿಯೂ ಇಲ್ಲ. ಕಡೆಗೆ ತಂಗಿ ಉಪಾಯ ಹೇಳಿದಳು. ಅದರಂತೆ ದೊಡ್ಡವ್ವ ಬಚ್ಚಲದಲ್ಲಿ ನಿಂತು, ಆ ಕಪ್ಪು ಚೌಕದೊಳಗೆ ಒನಕೆ ತೂರಿಸಿ ಮೇಲಕ್ಕೆ ಕುಟ್ಟುವುದು. ನಾನು ಮಾಳಿಗೆಯ ಮೇಲೆ ಬೋರಲು ಮಲಗಿ ಮಣ್ಣಿಗೆ ಕಿವಿ ಹಚ್ಚಿ ಕೇಳುವುದು. ತಂಗಿ ಅಂಗಳದಲ್ಲಿ ನಿಂತು ಇಬ್ಬರ ಮಾತನ್ನೂ ಸಾಗಿಸುವುದು.

“ಕುಟ್ಟು ಅನ್ನಾಕತ್ತಾನ, ದೊಡ್ಡವ್ವಾ!”

“ಕುಟ್ಟಾಕತ್ತೇನಿ ಅನ್ನು! ಕಣ್ಣಾಗ ಮಸಿ ಬೀಳಾಕತ್ತೈತಿ ಅನ್ನು!”

“ಕಣ್ಣಾಗ ಮಸಿ ಬಿತ್ತಂತ, ಅಣ್ಣಾ!”

ನಾನು ಉರುಳುತ್ತ ಉರುಳುತ್ತ ಸಂಡಿಗೆಯ ಮೇಲಿಂದ ಹಾದು ಹೋದೆ. ಒಂದು ಕಡೆ, ಕಿವಿಯ ಕೆಳಗೆ ಬಹಳ ದೂರದಿಂದ, ಢಣ್ ಎಂದು ಕೇಳಿಸಿತು. ಒಡೆಯದ ಗಡಿಗೆಯ ದನಿ. ಅಪ್ಪನ ಮೊದಲ ನಾಲ್ಕು ಹೆಜ್ಜೆಗಿಂತ ಒಂದೂವರೆ ಮೊಳ ಈಚೆಗೆ, ಮೂಲೆಯ ಹತ್ತಿರಕ್ಕೆ ಇತ್ತು ಅದು. ಅಜ್ಜ ಎತ್ತರದ ಆಳಲ್ಲ ಎಂದು ಆ ದಿನ ಸಾಬೀತಾಯಿತು. ಅಪ್ಪನಿಗೆ ಅದೇ ಹೆಚ್ಚು ಬೇಸರದ ಸಂಗತಿ.

ಗುದ್ದಲಿ ಹಾಕಿ ಮೊದಲ ಬುಟ್ಟಿ ಮಣ್ಣು ತುಂಬಿ ಏಣಿಯ ಕಡೆ ಬಂದೆ. ಓಣಿಯಲ್ಲಿ ಹೊರಟಿದ್ದ ಒಬ್ಬ ಮುದುಕ ನಿಂತು, ಮೇಲೆ ನೋಡಿ ಕೂಗಿದ.

“ಏನೋ, ಮಣ್ಣು ಇಳಸಾಕತ್ತೀರಿ? ಅಪ್ಪ ಮಗಂದು ಭಾಗ ಆತೇನು?”

ಅಪ್ಪ ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡ. “ಯಾರ ಭಾಗಾನೂ ಇಲ್ಲ, ನೀ ಹಾದಿ ಹಿಡಿ!” ಎಂದು ಅವನಿಗೂ, “ಒಂದು ಹಿಡಿ ಮಣ್ಣು ಕೆಳಗ ಹೋಗಬಾರ್ದು ನೋಡು” ಎಂದು ನನಗೂ ಹೇಳಿದ. ಆದ್ದರಿಂದ ಅಗೆದ ಮಣ್ಣನ್ನೆಲ್ಲ ಮಾಳಿಗೆಯ ಇನ್ನೊಂದು ಮೂಲೆಗೆ ಗೋಡೆಯ ಮೇಲೆ ಬರುವಂತೆ ಒಟ್ಟಿದೆವು. ಕೆಲವು ದಿನ ನಮ್ಮ ಮನೆಗೆ ಸಣ್ಣದೊಂದು ಗುಡ್ಡ ಬಂದಿತ್ತು. ಶಿಗ್ಗಾಂವಿಯ ಆಡುಗಳಿಗೆ ಅದು ಬಹಳ ಸೇರಿತು.

ಮೊಣಕಾಲುದ್ದ ಅಗೆದ ಮೇಲೆ ಮೊದಲ ಗಡಿಗೆ ಸಿಕ್ಕಿತು. ಅದನ್ನೆತ್ತಿದರೆ ಕೆಳಗೆ ಮಣ್ಣು. ಇನ್ನಷ್ಟು ಅಗೆದರೆ ಎರಡನೇ ಗಡಿಗೆ. ಅದನ್ನು ಮೇಲಿಂದ ತೋರಿಸಿದಾಗ ದೊಡ್ಡವ್ವ ಅಂಗಳದಲ್ಲೇ ಕೂತುಬಿಟ್ಟಳು.

“ಅಯ್ಯ ನನ್ನ ಶಿವನ! ಅದು ನನ್ನ ಮಜ್ಜಿಗಿ ಗಡಿಗಿ! ಅದು ಕಾಣವಲ್ದು ಅಂತ ನಮ್ಮತ್ತಿ ನನಗ ಸಾಯೂತನಕ ಬೈದಳು. ಯಾರಿಗೆ ಕೊಟ್ಟಿ, ನಿಮ್ಮ ತವರಮನಿಗೆ ಕಳಿಸಿದಿ ಏನು ಅಂತ ಕೇಳಿದಳು. ಮೈದುನಾ, ನೀನs ಒಯ್ದಿದ್ದೀ ಏನು?”

ಅಪ್ಪ ಗುಡ್ಡದ ಮೇಲಿನ ಆಡು ಓಡಿಸಲು ಹೋದ.

ಮೂರನೆಯದೇ ನಿಜವಾದ ಮುಚ್ಚಳ. ಅದನ್ನು ಅಲ್ಲಾಡಿಸಿ ಕಿತ್ತೆ. ಅಂಗಳದಿಂದ ಎದ್ದು ಒಳಗೆ ಹೋಗಿದ್ದ ದೊಡ್ಡವ್ವ, ಕೆಲಸ ಮುಗಿಯಿತೆಂದು ಆಗಲೇ ಒಲೆ ಹೊತ್ತಿಸಿದ್ದಳು. ಇಷ್ಟು ವರ್ಷ ಕಾದಿದ್ದ ಹೊಗೆ ಒಮ್ಮೆಲೇ ನನ್ನ ಮುಖಕ್ಕೆ ಬಂತು. ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ನಾನು ಮಾಳಿಗೆಯ ಮೇಲೆ ಕುಣಿದೆ. ಕಾದ ಗಾಳಿ ಮೇಲಕ್ಕೆ ಏರಿತ್ತು! ಕೆಳಗೆ ತಂಗಿ ಬಚ್ಚಲದ ಬಾಗಿಲಲ್ಲಿ ನಿಂತು, “ದೊಡ್ಡವ್ವನ ಮಾರಿ ಕಾಣಾಕತ್ತೈತಿ, ಅಣ್ಣಾ!” ಎಂದು ಚಪ್ಪಾಳೆ ತಟ್ಟಿದಳು.

ಸಿಕ್ಕ ಗಡಿಗೆಗಳಲ್ಲಿ ಎರಡರ ತಳ ಒಡೆದು, ಒಂದರ ಮೇಲೊಂದು ಕಿಂಡಿಯ ಮೇಲೆ ಕೂಡಿಸಿ, ಸುತ್ತ ಕೆಸರು ಮೆತ್ತಿದೆ. ಮಣ್ಣಿಗಿಂತ ಒಂದು ಮೊಳ ಎತ್ತರ ನಿಂತಿತು ಅದು. ತುದಿಗೆ ಮೂರು ಕಲ್ಲು, ಅದರ ಮೇಲೊಂದು ಹಂಚು. ಮಳೆ ಬಂದರೂ ನೀರು ಇಳಿಯದು, ಹೊಗೆ ನಿಲ್ಲದು. ಮಜ್ಜಿಗೆ ಗಡಿಗೆಯ ತಳ ಒಡೆಯಲು ದೊಡ್ಡವ್ವ ಬಿಡಲಿಲ್ಲ. ಅದನ್ನು ತೊಳೆದು ತನ್ನ ಅತ್ತೆ ಕೂರುತ್ತಿದ್ದ ಕಂಬದ ಹತ್ತಿರ, ಕಾಣುವ ಹಾಗೆ ಇಟ್ಟಳು.

ಯುಗಾದಿ ಚೆನ್ನಾಗಿಯೇ ಆಯಿತು. ಎಲ್ಲರೂ ಕಣ್ಣು ತೆರೆದು ಎಣ್ಣೆಸ್ನಾನ ಮಾಡಿದೆವು. ನಾನು ಅಲ್ಲಿಗೇ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ ಕೆಲಸ ಕೈಹಿಡಿದ ಮೇಲೆ ಸುಮ್ಮನಿರುವುದು ನನ್ನಂಥವನಿಗೆ ಕಷ್ಟ. ಬೀಗತಿ ಸ್ಥೂಲ ದೇಹದವರು, ಬಿಸಿಲಲ್ಲಿ ಗಾಡಿಯಲ್ಲಿ ಬರುವವರು, ಮನೆ ಹೊಕ್ಕ ಕೂಡಲೇ ತಂಪು ಹತ್ತಿದರೆ ಅರ್ಧ ಮನಸ್ಸು ಅಲ್ಲೇ ಕರಗುತ್ತದೆ ಎಂದು ಯೋಚಿಸಿದೆ. ಸವಣೂರಿನಲ್ಲಿ ದೊಡ್ಡ ಮನೆಗಳಿಗೆ ಲಾವಂಚದ ಬೇರಿನ ಪರದೆ ಹೆಣೆದು ಕೊಡುವ ಒಬ್ಬ ಸಾಬರಿದ್ದರು. ಬಾಗಿಲಿಗೆ ತೂಗುಹಾಕಿ ನೀರು ಚಿಮುಕಿಸಿದರೆ, ಅದರ ಮೂಲಕ ಬರುವ ಗಾಳಿ ತಂಪಾಗಿ, ಘಮಘಮಿಸುತ್ತ ಬರುತ್ತದೆ. ಹೋಗಿ ಅಂಥ ಪರದೆಯೊಂದನ್ನು ಹೊತ್ತುಕೊಂಡು ಬಂದೆ.

ಹೇಳಿದ ದಿನಕ್ಕೆ ಸರಿಯಾಗಿ, ಹೊತ್ತು ನೆತ್ತಿಯಿಂದ ಸ್ವಲ್ಪ ವಾಲಿದಾಗ, ಬೀಗತಿಯ ಗಾಡಿ ಬಂತು. ನಸುಕಿನಲ್ಲಿ ಹಾನಗಲ್ಲ ಬಿಟ್ಟವರು. ತಂಗಿ ಬಾಗಿಲಿಗೆ ಹೋಗಿ ಗಾಡಿಯೊಳಗೆ ಹಣಿಕಿ ನೋಡಿದಳು. ಒಳಗೆ ದಪ್ಪ ಹುಲ್ಲು, ಅದರ ಮೇಲೆ ಹತ್ತಿಯ ಗಾದಿ, ಎರಡು ತಲೆದಿಂಬು, ಬಸುರಿ ಕುಲುಕದ ಹಾಗೆ ಸುತ್ತಲೂ ಕೌದಿ. ಅವರು ಒಯ್ಯಲೆಂದೇ ಬಂದಿದ್ದರು. ತಂಗಿ ಒಳಗೆ ಬಂದು ಗೋಡೆಗೆ ಒರಗಿ ನಿಂತಳು.

ಆದರೆ ನಾನು ಸಿದ್ಧನಿದ್ದೆ. ಎದುರು ಬಾಗಿಲಿಗೆ, ತಂಪು ಹೆಚ್ಚಲೆಂದು ಎರಡು ಮಡಿಕೆ ಮಾಡಿದ ಒದ್ದೆ ಪರದೆ. ಬಿಸಿಗಾಳಿ ಎಲ್ಲಿಂದಲೂ ನುಗ್ಗಬಾರದೆಂದು ಎರಡೂ ಕಿಟಕಿಗೆ ತೋಯಿಸಿದ ಗೋಣಿಚೀಲ. ಹಿತ್ತಲ ಬಾಗಿಲಿಗೆ ಅಗಳಿ. ಬಿಸಿಲು ಇಣುಕಬಾರದೆಂದು ಅಡುಗೆಮನೆಯ ಬೆಳಕಿಂಡಿಯ ಮೇಲೆ ಹಾಸುಗಲ್ಲು. ಬೀಗತಿ ಪರದೆ ಸರಿಸಿ ಒಳಗೆ ಕಾಲಿಟ್ಟವರೇ, “ಆಹಾ!” ಎಂದು ನಿಂತುಬಿಟ್ಟರು.

“ಬೀಗರ, ಇದೇನು ಮನೀನೋ, ಕೆರಿ ದಂಡೀನೋ? ನಮ್ಮ ಹಂಚಿನ ಮನ್ಯಾಗ ಈ ಹೊತ್ತಿನ್ಯಾಗ ತಲ್ಯಾಗ ಹುರಿಗಾಳು ಹುರೀಬಹುದು.”

ಅಪ್ಪ ಮೀಸೆ ತಿರುವಿದ. “ಎಲ್ಲಾ ನಮ್ಮ ಮಗಂದು, ಓದಿಕೊಂಡಾನ ನೋಡ್ರಿ” ಎಂದ. ಅವನು ನನ್ನನ್ನು ಏಕವಚನದಲ್ಲಿ ಹೊಗಳಿದ್ದು ನನಗೆ ಬಹಳ ಹಿತವಾಯಿತು.

“ಓದಿದ್ದು ಚೊಲೋ ಆತು. ಈಗ ಒಲಿ ಹಚ್ಚು, ತಮ್ಮಾ. ನಾ ನೋಡಾಕ ಬಂದದ್ದು ಅದನ್ನ.”

ಹತ್ತಿಕಟ್ಟಿಗೆ ಜೋಡಿಸಿ, ಹೆಮ್ಮೆಯಿಂದ ಹೊತ್ತಿಸಿದೆ. ಹೊಗೆ ಒಲೆಯ ಬಾಯಿಂದ ಹೊರಗೆ ಬಂತು. ಮೇಲೆ ಹೋಗುತ್ತದೆ ಎಂದು ಕಾದೆ. ಅದು ಅತ್ತಿತ್ತ ನೋಡಿದ ಹಾಗೆ ಮಾಡಿ, ಬಚ್ಚಲ ದಾಟಿ, ಅಡುಗೆಮನೆ ದಾಟಿ, ಹಳೆಯ ರೂಢಿಯಂತೆ ನೇರ ಬೀಗತಿಯ ಹತ್ತಿರ ಹೋಯಿತು. ಅವರು ಕೆಮ್ಮತೊಡಗಿದರು. ಅಪ್ಪ ಓಡಿ ಏಣಿ ಹತ್ತಿ ಮೇಲಿಂದ ಕೂಗಿದ. “ಕಿಂಡಿ ತೆರದs ಐತಿ! ಯಾ ಗಡಿಗೀನೂ ಇಲ್ಲ!”

ನಿನ್ನೆ ಬೆಳಿಗ್ಗೆವರೆಗೆ ಬಾಣದ ಹಾಗೆ ಮೇಲೆ ಹೋಗುತ್ತಿದ್ದ ಹೊಗೆ. “ಕಾದ ಗಾಳಿ ಮ್ಯಾಲ ಹೋಗಬೇಕ್ರಿ, ಅವ್ವಾರ. ಪುಸ್ತಕದಾಗ ಹಂಗs ಐತಿ” ಎಂದು ತೊದಲಿದೆ. ತಂಗಿಯ ಕಣ್ಣಲ್ಲೂ ನೀರು ಬರುತ್ತಿತ್ತು. ಅದರಲ್ಲಿ ಹೊಗೆಯ ಪಾಲು ಎಷ್ಟೋ ನಾನು ಕೇಳಲಿಲ್ಲ.

ಬೀಗತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲಕ್ಕೆ ಬಂದರು. ಒಲೆ ನೋಡಿದರು, ಕಿಂಡಿ ನೋಡಿದರು, ಆಮೇಲೆ ಸುತ್ತಲೂ ಮುಚ್ಚಿದ ಮನೆಯನ್ನು ನೋಡಿದರು.

“ಹಿತ್ತಲ ಬಾಗ್ಲಾ ಯಾಕ ಹಾಕಿ?”

“ಬಿಸಿಗಾಳಿ ಬರ್ತೈತಂತ್ರಿ.”

“ಕಿಡಿಕಿ?”

“ಅದಕ್ಕs ರಿ.”

“ತಮ್ಮಾ, ಇಲ್ಲಿ ಬಾ. ಇರೂ ಉಸರೆಲ್ಲಾ ಹೊರಗ ಬಿಡು. ಬಿಟ್ಟೀ? ಈಗ ಒಳಗ ತಗೋಬ್ಯಾಡ. ಮತ್ತ ಒಲಿ ಊದು.”

ಹೇಳಿದ ಹಾಗೆ ಮಾಡಲು ಹೋಗಿ ನನ್ನ ಕಣ್ಣು ಮೇಲೆ ಸಿಕ್ಕಿಕೊಂಡವು.

“ಬರವಲ್ದಲ್ಲ? ನಿನ್ನ ಮನೀಗೂ ಹಂಗs. ಒಳಗ ಬರೂ ಗಾಳೀಗೆ ಹಾದಿ ಇಲ್ಲ, ಹೊರಗ ಏನು ಹೋಗ್ತೈತಿ, ನಿನ್ನ ತಲಿ?”

ಅವರೇ ಹೋಗಿ ಹಿತ್ತಲ ಬಾಗಿಲಿನ ಅಗಳಿ ತೆಗೆದರು. ಹೊರಗಿನ ಗಾಳಿ ನೆಲ ಸವರುತ್ತ ಒಳಗೆ ಬಂತು. ಒಲೆಯಲ್ಲಿ ಉರಿ ‘ಭರ್’ ಎಂದಿತು. ಮನೆ ತುಂಬಾ ತೂಗಾಡುತ್ತಿದ್ದ ಹೊಗೆ ತಿರುಗಿ, ಬಚ್ಚಲದ ಕಡೆ ಹರಿದು, ಕಿಂಡಿಯೊಳಗೆ ಹೊಕ್ಕು ಹೋಯಿತು. ಮೇಲಿಂದ ಅಪ್ಪ ಕೆಮ್ಮಿದ್ದು ಕೇಳಿಸಿತು.

ಆಗ ನನಗೆ ನೆನಪಾಯಿತು. ಆ ಪಾಠಕ್ಕೆ ಎರಡನೇ ಭಾಗವೂ ಇತ್ತು. ‘ಅದರ ಸ್ಥಳಕ್ಕೆ ತಂಪು ಗಾಳಿಯು ಬರುವುದು’ ಎಂದು ಮಾಸ್ತರರು ಕಲಿಸಿದ ದಿನ ನಾನು ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದೆ.

ಹೊಗೆ ಹೋಯಿತು. ಬೀಗತಿ ಬಿಸಿನೀರಿನಲ್ಲಿ ಕೈಕಾಲು ತೊಳೆದು, ಊಟ ಮಾಡಿ, ಎಲೆ ಹಾಕಿಕೊಂಡು, ಆಮೇಲೆ ಅಪ್ಪನ ಕಡೆ ತಿರುಗಿದರು.

“ಹೊಗಿ ದಗದ ಆತು, ಬೀಗರ. ಆದ್ರ ಬಾಗ್ಲಾ ತಗೀರಿ ಅಂತ ಹೇಳಾಕ ಹಾನಗಲ್ಲಿಂದ ನಾ ಬರಬೇಕಾತು. ಇಂಥಾ ಶಾಣ್ಯಾರ ಕೈಯಾಗ ಬಾಣಂತೀನ ಹೆಂಗ ಬಿಡ್ಲಿ, ಹೇಳ್ರಿ?”

ಅತ್ತೆಯೆದುರು ಎಂದೂ ದನಿ ಎತ್ತದ ತಂಗಿ, ಗೋಡೆಯ ಹತ್ತಿರದಿಂದಲೇ ಮಾತಾಡಿದಳು.

“ಅತ್ತೀ, ಒಂದು ಮಾತು ಹೇಳ್ಲೇನ್ರಿ?”

“ಹೇಳವಾ.”

“ನಿಮ್ಮ ಮನ್ಯಾಗ ನನಗ ಮಲಗಾಕ ಬರಂಗಿಲ್ರಿ. ನೀವು ಈ ವಯಸ್ಸಿನ್ಯಾಗ ಏಳು ಎಮ್ಮಿ ಹಿಂಡಾಕತ್ತಿದ್ರ ನಾ ಹೆಂಗ ಹೊಚಗೊಂಡು ಮಲಗ್ಲಿ? ಮನಸ್ಸು ಚುಟುಚುಟು ಅಂತೈತಿ. ಇಲ್ಲಾದ್ರ ಅಣ್ಣ ದುಡೀತಾನ್ರಿ. ಅಂವ ಎಷ್ಟು ದುಡುದ್ರೂ ನನಗೇನೂ ಅನಸಂಗಿಲ್ಲ.”

ಮೊದಲು ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಬೀಗತಿಯ ಹೊಟ್ಟೆ ಕುಲುಕತೊಡಗಿತು. ಅವರು ನಕ್ಕು ನಕ್ಕು, ಬಾಯಿಯ ಎಲೆ ಹೊರಗೆ ಬಂದು, ಕಣ್ಣು ಒರೆಸಿಕೊಂಡರು. ಈ ಸಲ ಮನೆಯಲ್ಲಿ ಹೊಗೆ ಇರಲಿಲ್ಲ.

“ಭಾಳ ಚಾಲಾಕಿ ಅದಾಳ ನೋಡ್ರಿ, ಬೀಗರ. ನಮ್ಮ ಮನ್ಯಾಗ ಎರಡು ವರ್ಷ ಮೂಕಿ ಹಂಗ ಇದ್ದಾಕಿ!” ಎಂದು, ನನ್ನ ಕಡೆ ತಿರುಗಿದರು. “ತಮ್ಮಾ, ಮೂರು ತಿಂಗ್ಳ. ದಿನಾ ಮುಂಜಾನೆ ಸಂಜಿ ಹಂಡೇದ ಒಲಿ ನಿನ್ನ ಕೆಲಸ. ಬೂದಿ ತಗಿಯೂದೂ ನಿಂದs. ಹಿತ್ತಲ ಬಾಗ್ಲಾ ತಗದ ಮ್ಯಾಲ ಕಡ್ಡಿ ಗೀರೂದು. ನೆನಪಿರ್ತೈತೋ, ಬರ್ಕೋತೀಯೋ?”

ನಾನು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಬೀಗತಿ ಹಂಡೆ ತುಂಬಾ ನೀರು ಒಬ್ಬರೇ ಸುರಿದುಕೊಂಡು ಸ್ನಾನ ಮಾಡಿ ಹೊರಟರು. ಹೊರಡುವಾಗ ಎದುರು ಬಾಗಿಲಿನ ಲಾವಂಚದ ಪರದೆಯನ್ನು ತಾವೇ ಬಿಚ್ಚಿ ಸುತ್ತಿದರು. ಬಾಣಂತಿ ಇರುವ ಮನೆಯಲ್ಲಿ ಇಷ್ಟು ತಂಪು ಒಳ್ಳೆಯದಲ್ಲವಂತೆ, ಶೀತ ಹಿಡಿಯುತ್ತದಂತೆ. ಗಾಡಿಯ ಹಿಂದಿನ ಕಮಾನಿಗೆ ಅದನ್ನು ಕಟ್ಟಿಸಿ, ಒಂದು ಕೊಡ ನೀರು ಸುರಿಸಿ, ಮುಂದಿನ ಬದಿ ತೆರೆದೇ ಇರಲಿ ಎಂದು ಗಾಡಿಯವನಿಗೆ ಎರಡು ಸಲ ಹೇಳಿದರು. ಆಮೇಲೆ ಸೊಸೆಗೆಂದು ಹಾಸಿ ತಂದಿದ್ದ ಗಾದಿಯ ಮೇಲೆ ತಾವೇ ಉದ್ದಕ್ಕೆ ಮಲಗಿ, ಎರಡೂ ತಲೆದಿಂಬು ತಲೆಗೆ ಇಟ್ಟುಕೊಂಡರು. ಗಾಡಿ ಊರ ಅಗಸಿಬಾಗಿಲು ದಾಟುವ ಮೊದಲೇ ನಿದ್ದೆ ಹತ್ತಿದ ಹಾಗಿತ್ತು.

ಹರಕೆ ಮುಗಿಸಿದವರಂತೆ ನಾವು ಒಳಗೆ ಬಂದೆವು. ತಂಗಿ ನಡುಮನೆಯಲ್ಲಿ ಚಾಪೆ ಬಿಡಿಸಿ, ಕಂಬಳಿ ಹಾಸಿ, ಮೆಲ್ಲಗೆ ಅಡ್ಡಾಗಿ ಕಣ್ಣು ಮುಚ್ಚಿದಳು.

“ಹೆರಿಗಿಗೆ ಇನ್ನೂ ಒಂದು ತಿಂಗ್ಳ ಐತೆಲ್ಲಬೇ” ಎಂದೆ ನಾನು.

“ಇರ್ಲಿ ಬಿಡು, ಅಣ್ಣಾ” ಎಂದಳು, ಕಣ್ಣು ತೆರೆಯದೆ. “ರೂಢಿ ಮಾಡ್ಕೊಳ್ಳಾಕತ್ತೇನಿ.”